ಅಮೋಘಿಯ ಅಂಗಡಿಗೆ ನಾವು ಹೋಗಲಿಲ್ಲ

ಘೋಣಸಗಿಯ ರಾಜಬಿಗೆ ಒಂದು ಚಿಂತೆ ಹತ್ತಿತ್ತು. ಮನೆಯಲ್ಲಿ ಮೂರು ಕೋಳಿಗಳಿದ್ದವು. ಆದರೆ ಗೂಡಿನಲ್ಲಿ ತತ್ತಿ ಮಾತ್ರ ಇರುತ್ತಿರಲಿಲ್ಲ. ಬೆಕ್ಕಿನ ಕಾಟವೆಂದುಕೊಂಡಳು. ಒಂದು ಬೆಳಿಗ್ಗೆ ನೋಡಿದರೆ, ಮಗಳು ಜುಲೇಖಾ ಉಡಿಯಲ್ಲಿ ತತ್ತಿ ಇಟ್ಟುಕೊಂಡು ಅಮೋಘಿಯ ಕಿರಾಣಿ ಅಂಗಡಿಗೆ ಹೊರಟಿದ್ದಳು.

ಅಂಗಡಿಯಲ್ಲಿ ಹೊಸದಾಗಿ ಒಂದು ಚೀಟಿ ಹಲಗೆ ತೂಗುತ್ತಿತ್ತು. ತತ್ತಿ ಕೊಟ್ಟರೆ ಒಂದು ಚೀಟಿ ಹರಿಯಬಹುದು. ಒಳಗಿನ ನಂಬರಿಗೆ ಯಾವ ಸಾಮಾನೋ ಅದು ನಿಮ್ಮದು. ಹಲಗೆಯ ಮೇಲ್ಗಡೆ ಕಣ್ಣು ಮುಚ್ಚಿ ತೆರೆಯುವ ಗೊಂಬೆ, ಕೀಲಿ ಕೊಟ್ಟರೆ ಓಡುವ ಮೋಟಾರು. ಮಕ್ಕಳಿಗೆ ಸಿಗುತ್ತಿದ್ದುದು ಬರೀ ಪೆಪ್ಪರಮಿಂಟು.

ರಾಜಬಿ ಮಗಳನ್ನು ಹೊಡೆಯಲು ಕೈ ಎತ್ತಿದಳು. ಪಕ್ಕದ ಮನೆಯ ಸಾವಂತ್ರವ್ವ ತಡೆದಳು. ಆಕೆ ಊರಿನ ಬಾಲವಾಡಿಯ ಶಿಕ್ಷಕಿ.

“ಕೂಸಿನ್ನ ಯಾಕ ಹೊಡಿತಿ ಬೇ? ಈ ಹಲಗಿ ಬಂದು ತಿಂಗಳಾತು. ಗೊಂಬಿ ಯಾರಿಗರ ಹತ್ತೇತೇನು, ಕೇಳೂಣು ಬಾ.”

ಇಬ್ಬರೂ ಓಣಿಯ ಮನೆಮನೆಗೆ ಹೋಗಿ ಕೇಳಿದರು. ಗೊಂಬೆ ಯಾರಿಗೂ ಬಂದಿರಲಿಲ್ಲ. ಮೋಟಾರೂ ಬಂದಿರಲಿಲ್ಲ.

ಸಾವಂತ್ರವ್ವ ನೇರ ಅಂಗಡಿಗೆ ಹೋದಳು. “ಅಮೋಘಿ, ಉಳಿದ ಚೀಟಿ ಎಲ್ಲಾರ ಮುಂದ ಬಿಚ್ಚಿ ತೋರಸು.”

“ಬಿಚ್ಚಿದ್ರ ನನಗ ಲುಕ್ಸಾನ್ರಿ ಅಕ್ಕೋರ. ಈ ಹಲಗಿ ವಿಜಾಪುರದ ಏಜಂಟ ಕೊಟ್ಟಾನ. ಬ್ಯಾಡಾದವರು ಆಡಬ್ಯಾಡ್ರಿ” ಎಂದ ಅಮೋಘಿ.

“ಹಂಗಂದ್ರ ಆಟಾನೂ ಆಡಂಗಿಲ್ಲ, ನಿನ್ನ ಅಂಗಡ್ಯಾಗಿಂದ ಚಾಪುಡೀನೂ ಒಯ್ಯಂಗಿಲ್ಲ” ಎಂದು ಆಕೆ ಹೊರಬಂದಳು.

ದಾರಿಯಲ್ಲಿ ರಾಜಬಿ ಅನುಮಾನಪಟ್ಟಳು. “ನಾವಿಬ್ರು ಬಿಟ್ರ ಅಂವಗೇನ ಆಕ್ಕೈತ್ರಿ ಅಕ್ಕೋರ?”

“ಇಬ್ರ ಬಿಟ್ರ ಏನೂ ಆಗಂಗಿಲ್ಲ. ಅದಕ್ಕ ಓಣಿಗೆಲ್ಲಾ ಹೇಳೂಣು. ತತ್ತಿ ಕೊಟ್ಟು ಆ ಹಲಗಿ ನಡಸಾಕತ್ತವರು ನಾವ ಅಲ್ಲೇನು?”

ಮರುದಿನದಿಂದ ಓಣಿಯ ಹೆಂಗಸರು ಅಮೋಘಿಯ ಅಂಗಡಿ ಬಿಟ್ಟು ಪಾಳಿ ಹಚ್ಚಿದರು. ಹತ್ತಿರದ ತಿಕೋಟಾದ ಪೇಟೆಗೆ ಹೋದವಳು ಇಡೀ ಓಣಿಯ ಸಾಮಾನು ತರುತ್ತಿದ್ದಳು.

ನಾಲ್ಕನೆಯ ದಿನ ರಾಜಬಿಯ ಅಣ್ಣ ಬಾಬುಸಾಬ ಬಿಜ್ಜರಗಿಯಿಂದ ಬಂದ. ಮನೆಯಲ್ಲಿ ಸಕ್ಕರೆ ಮುಗಿದಿತ್ತು. ರಾಜಬಿ ಬಟ್ಟಲು ಹಿಡಿದು ಅಮೋಘಿಯ ಅಂಗಡಿಯವರೆಗೂ ಹೋದಳು. ಹಲಗೆಯ ಮುಂದೆ ಒಂದು ಗಳಿಗೆ ನಿಂತು ತಿರುಗಿ ಬಂದಳು. ಬೆಲ್ಲದ ಚಹಾ ಮಾಡಿ, ಅಣ್ಣನಿಗೆ ನಡೆದದ್ದನ್ನೆಲ್ಲ ಹೇಳಿದಳು.

“ನಮ್ಮೂರಾಗೂ ಅಂಥಾದ ಹಲಗಿ ಐತಿ ನೋಡವಾ. ಅಲ್ಲೂ ಗೊಂಬಿ ಯಾರಿಗೂ ಹತ್ತಿಲ್ಲ” ಎಂದ ಬಾಬುಸಾಬ.

ರಾಜಬಿಯ ಅನುಮಾನ ಅಲ್ಲಿಗೆ ಮುಗಿಯಿತು.

ವ್ಯಾಪಾರ ಬಿದ್ದುಹೋಗಿ, ಒಂಬತ್ತನೆಯ ದಿನ ಅಮೋಘಿ ತಾನೇ ಹಲಗೆ ಹೊತ್ತು ಬಾಲವಾಡಿಯ ಕಟ್ಟೆಗೆ ಬಂದ. “ಬಿಚ್ಚರಿ. ನಾನೂ ನೋಡತೇನಿ.”

ಉಳಿದ ಚೀಟಿಗಳನ್ನೆಲ್ಲ ಹರಿದರು. ಒಂದರಲ್ಲೂ ಗೊಂಬೆಯದಾಗಲಿ ಮೋಟಾರಿನದಾಗಲಿ ನಂಬರಿಲ್ಲ. ಅಮೋಘಿಯ ಮುಖ ಸಪ್ಪಗಾಯಿತು.

“ಆ ಏಜಂಟ ನನಗೂ ಮೋಸ ಮಾಡ್ಯಾನ. ಇದನ್ನ ಅಂವಗ ಹೊಳ್ಳಿ ಕೊಡತೇನಿ.”

“ಕೊಟ್ಟ ದಿನಾನ ನಿನ್ನ ಅಂಗಡಿಗೆ ಬರತೇವಿ” ಎಂದಳು ರಾಜಬಿ. ಈ ಸಲ ಎಲ್ಲರಿಗಿಂತ ಮೊದಲು ಮಾತಾಡಿದವಳು ಅವಳೇ.

ಏಜಂಟ ಬಂದು ಹಲಗೆ ಒಯ್ದ. ಅಂದು ಸಂಜೆಯೇ ಓಣಿಯ ಹೆಂಗಸರು ಅಮೋಘಿಯ ಅಂಗಡಿಯಲ್ಲಿ ಸಾಲುಗಟ್ಟಿದರು. ಮುಂದಿನ ವಾರ ಬಿಜ್ಜರಗಿಯವರೂ ತಮ್ಮೂರಿನ ಹಲಗೆ ಇಳಿಸಿದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮಕ್ಕಳ ಆಟದಲ್ಲಿ ಮೋಸವಿದ್ದರೆ ಮಕ್ಕಳನ್ನು ಹೊಡೆಯಬೇಡಿ. ಮಾರುವವರನ್ನು ಕೇಳಿ. ಅವರು ತೋರಿಸದಿದ್ದರೆ ಕೊಳ್ಳಬೇಡಿ, ನೆರೆಯವರಿಗೂ ಹೇಳಿ. ತಪ್ಪು ತಿದ್ದಿಕೊಂಡವರ ಅಂಗಡಿಗೆ ಮತ್ತೆ ಹೋಗಿ. ಕೊಳ್ಳುವ ಕೈ ನಿಮ್ಮದು, ಬೇಡವೆನ್ನುವ ಬಾಯಿಯೂ ನಿಮ್ಮದೇ.