ಬೇವಿನ ತಖ್ತೆ

ಮಚ್ಚೇಂದ್ರ ಸೋಲಾರ್ ಫಲಕದ ಕೆಳಗೆ ಬಗ್ಗಿ ಕೂತು ಬೇವಿನ ಬುಡವೊಂದನ್ನು ಬೆರಳಿನಿಂದ ಕೆದಕುತ್ತಿದ್ದ. ಎಲ್ಲಾದರೂ ಒಂದು ಚಿಗುರು ಎದ್ದಿರಬಹುದೆಂಬ ಆಸೆ. ಬೇವು ಮೊಂಡ ಗಿಡ, ಕಡಿದರೂ ಚಿಗುರುತ್ತದೆ. ಕಡಿದವರು ಅದಕ್ಕಿಂತ ಮೊಂಡರು. ಬುಡಬುಡಕ್ಕೂ ಔಷಧ ಸುರಿದು ಸುಟ್ಟಿದ್ದರು.

"ಏನ್ ಹುಡಕಾಕತ್ತೀರಿ ಸರ್?" ಕಾವಲುಗಾರ ಕುನಾಲ ಓಡಿಬಂದ.

"ಒಂದು ಹಸಿ ಟೊಂಗಿ ಬೇಕಾಗಿತ್ತಪ್ಪ. ಶಂಶುದ್ದೀನ್ ಸರ್ ನಸುಕಿನಾಗ ಹೋಗಿಬಿಟ್ರು."

ಕುನಾಲ ತಲೆಯ ಟೋಪಿ ತೆಗೆದ. "ಇಲ್ಲಿ ಟೊಂಗಿ ಎಲ್ಲಿ ಬರಬೇಕ್ರಿ ಸರ್? ನಿಮ್ಮ ಕಣ್ಣ ಮುಂದೇ ಕಡದ್ರಲ್ಲ."

ಹುಮನಾಬಾದಿನ ಮನೆಯಲ್ಲಿ ಗಂಡನ ಹೆಣದ ಪಕ್ಕ ಕೂತಿದ್ದ ಮುನ್ನಿ ಬೀ ಅವನನ್ನು ಕರೆದು ಕೇಳಿದ್ದು ಇಷ್ಟೇ: "ಭಾಯ್, ಮಣ್ಣ ಕೊಟ್ಟ ಮ್ಯಾಲ ಕಬರ್ ಮ್ಯಾಲ ಹಸಿ ಟೊಂಗಿ ಇಡ್ತಾರಲ್ರಿ, ಅದು ಅವರು ಹಚ್ಚಿದ ಬೇವಿಂದೇ ಆಗಬೇಕು. ಕ್ಯಾಂಪಸ್ಸಿಗೆ ಹೋಗಿ ತರ್ರಿ."

"ತರ್ತೀನ್ರಿ ಭಾಬಿ," ಎಂದುಬಿಟ್ಟಿದ್ದ ಮಚ್ಚೇಂದ್ರ. ಆ ಗಿಡಗಳು ಇವೆ ಎಂದು ತಿಂಗಳುಗಟ್ಟಲೆ ಹೇಳಿಕೊಂಡು ಬಂದವನು ಅವನೇ. ಗಂಡನನ್ನು ಕಳೆದುಕೊಂಡ ದಿನವೇ ಆಕೆ ಗಿಡಗಳನ್ನೂ ಕಳೆದುಕೊಳ್ಳುವುದು ಬೇಡ. ಇವತ್ತೊಂದು ದಿನ ಈ ಸುಳ್ಳು ನಿಲ್ಲಬೇಕು, ಮಣ್ಣಾಗುವ ತನಕವಾದರೂ.

*

ಬಸವಕಲ್ಯಾಣದ ಹೊರಗೆ ಕೆಂಪು ಮುರಮಿನ ದಿಬ್ಬದ ಮೇಲೆ ಆ ವಿಶ್ವವಿದ್ಯಾಲಯ. ಹೆಸರು ಹೇಳಿ ಯಾರಿಗೂ ಲಾಭವಿಲ್ಲ. ಶಂಶುದ್ದೀನ್ ಸಸ್ಯಶಾಸ್ತ್ರ ಕಲಿಸಲು ಬಂದಾಗ ಅಲ್ಲಿ ಬೆರಳು ಮಾಡಿ ತೋರಿಸಲು ಒಂದು ಸಸ್ಯವಿರಲಿಲ್ಲ. ಅತಿಥಿ ಉಪನ್ಯಾಸಕನೆಂದು ಬಂದವನು ಅತಿಥಿಯಾಗಿಯೇ ತಲೆ ನರೆಸಿಕೊಂಡ. ಬೇವಿನ ಸಸಿಗಳು ಮಾತ್ರ ಅಲ್ಲಿ ಕಾಯಂ ಆದವು.

ಅವನದೊಂದು ಕಾನೂನು. ಸಂಜೆ ಬಸ್ಸು ಹತ್ತುವ ಮುಂಚೆ ಹುಡುಗರೆಲ್ಲ ಬಾಟಲಿಯಲ್ಲಿ ಉಳಿದ ನೀರನ್ನು ತಂತಮ್ಮ ಗಿಡಕ್ಕೆ ಸುರಿಯಬೇಕು. ಬೇಮಳಖೇಡದ ಹುಡುಗಿಯರಂತೂ ಬಾಯಾರಿದರೂ ತುಟಿ ಕಚ್ಚಿ ಅರ್ಧ ಬಾಟಲಿ ಉಳಿಸುತ್ತಿದ್ದರು. ಹಾಸ್ಟೆಲ್ಲಿನ ಪಾತ್ರೆ ತೊಳೆದ ನೀರಿಗೂ ಅವನು ಗುದ್ದಲಿ ಹಿಡಿದು ಕಾಲುವೆ ಕಡಿದಿದ್ದ.

ಕನ್ನಡ ಕಲಿಸುವ ಮಚ್ಚೇಂದ್ರ, ಅವನೂ ಅತಿಥಿಯೇ, ಗೇಲಿ ಮಾಡುತ್ತಿದ್ದ: "ನಿಮ್ಮ ಗಿಡ ಎಲ್ಲಾ ನಮ್ಮ ಹುಡುಗರ ಎಂಜಲಾ ಕುಡದು ಬೆಳದಾವ ನೋಡ್ರಿ."

"ಎಂಜಲಾ ಉಂಡವರೇ ಮನೀ ಮಂದಿ ಆಗ್ತಾರಲ್ಲೋ," ಎನ್ನುತ್ತಿದ್ದ ಶಂಶುದ್ದೀನ್.

ಆಮೇಲೆ ಅವನ ಮೂತ್ರಪಿಂಡ ಕೈಕೊಟ್ಟಿತು. ಹುಮನಾಬಾದಿನಲ್ಲೇ ಡಯಾಲಿಸಿಸ್ ಶುರುವಾಗಿ ಕ್ಯಾಂಪಸ್ಸಿಗೆ ಬರುವುದು ನಿಂತಿತು. ಅದೇ ಬೇಸಿಗೆಯಲ್ಲಿ 'ಹಸಿರು ಕ್ಯಾಂಪಸ್' ಎಂಬ ದರ್ಜೆ ಕೊಡಲು ಒಂದು ತಂಡ ಬರುತ್ತದೆಂದು ಸುದ್ದಿಯಾಯಿತು. ದರ್ಜೆಗೆ ಸೋಲಾರ್ ಬೇಕು, ಸೋಲಾರಿಗೆ ಬಿಸಿಲು ಬೇಕು, ಬಿಸಿಲಿಗೆ ಗಿಡಗಳ ನೆರಳು ಅಡ್ಡ. ಮೂಗಿಗಿಂತ ಮೂಗುತಿ ಭಾರವಾಯಿತು.

ಮಚ್ಚೇಂದ್ರ ಕ್ಯಾಂಪಸ್ಸಿನ ನಿರ್ದೇಶಕರ ಮುಂದೆ ಕೈಕಟ್ಟಿ ನಿಂತ. "ಸರ್, ಗಿಡ ಬಿಡ್ರಿ. ಬಿಲ್ಡಿಂಗ್ ಛಾವಣಿ ಖಾಲಿ ಅದ, ಅಲ್ಲಿ ಹಾಕ್ರಿ."

"ಛಾವಣಿ ಮ್ಯಾಲ ಹಾಕಿದ್ರ ರಸ್ತೇದಿಂದ ಹ್ಯಾಂಗ ಕಾಣತಾವ್ರಿ?" ಎಂದರು ನಿರ್ದೇಶಕರು. "ಕರೆಂಟೂ ಹಸಿರೇ ಅಲ್ಲೇನು?"

ಮುಂದಿನ ವರ್ಷದ ಕೆಲಸ ಅವರ ಸಹಿಯಲ್ಲಿತ್ತು. ಮಚ್ಚೇಂದ್ರ ಕೈಮುಗಿದು ಹೊರಗೆ ಬಂದ.

ಕೊನೆಯ ಬೇವು ಉರುಳಿದ ಸಂಜೆ ಅವನು ಡಯಾಲಿಸಿಸ್ ಕೋಣೆಗೆ ಹೋದ. ಶಂಶುದ್ದೀನ್ ಕಣ್ಣು ಮುಚ್ಚಿಯೇ ಕೇಳಿದ: "ಗಿಡ ಹ್ಯಾಂಗದಾವೋ?"

"ಚೊಲೊ ಅದಾವ್ರಿ. ಹೂ ಬಿಟ್ಟಾವ."

ಒಮ್ಮೆ ನೆಟ್ಟ ಸುಳ್ಳಿಗೆ ದಿನಾ ನೀರು ಹಾಕಬೇಕಾಯಿತು. ಹೂವಿನ ಮೇಲೆ ಕಾಯಿ, ಕಾಯಿಯ ಮೇಲೆ ಹಣ್ಣು. "ಗಿಳಿ ಬಂದಾವೇನು?" ಎಂದು ಶಂಶುದ್ದೀನ್ ಕೇಳಿದಾಗ "ಬಾಳ ಬಂದಾವ್ರಿ, ಪಾಠಾನೇ ಮಾಡಗೊಡಂಗಿಲ್ಲ," ಎಂದಿದ್ದ. ಆಗ ಶಂಶುದ್ದೀನ್ ನಕ್ಕು ಅವನ ಕೈಯನ್ನು ಮೆಲ್ಲಗೆ ಒತ್ತಿದ್ದ.

*

ಹುಮನಾಬಾದಿಗೆ ಮರಳುವ ದಾರಿಯಲ್ಲಿ ಮಚ್ಚೇಂದ್ರ ಯಾರದೋ ಹೊಲದ ಬದುವಿನ ಬೇವಿನಿಂದ ಟೊಂಗೆ ಮುರಿದುಕೊಂಡ. ತಖ್ತೆ ತರುವ ಕೆಲಸವೂ ಅವನದೇ ಆಗಿತ್ತು. ಕಬರಿನಲ್ಲಿ ಹೆಣದ ಮೈಮೇಲೆ ಮಣ್ಣು ಬೀಳದಂತೆ ಅಡ್ಡಲಾಗಿ ಹಾಸುವ ಹಲಗೆಗಳು ಅವು. ಊರ ಅಂಚಿನ ಕಟ್ಟಿಗೆ ಅಡ್ಡೆಯ ಮುಜಾಫರ್ ಅವನನ್ನು ನೋಡಿದ್ದೇ ತಾಡಪತ್ರಿ ಸರಿಸಿದ.

"ತಖ್ತೆ ತಯಾರ ಅದಾವ್ರಿ ಸರ್. ಖರೇ ಬೇವು."

"ಎಲ್ಲೀವು ಇವು?"

"ನಿಮ್ಮ ಕ್ಯಾಂಪಸ್ಸಿನವೇ."

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಕಡಿದ ಮರ ಅಡ್ಡೆಗೆ ಬರಲೇಬೇಕಲ್ಲ. ಆದರೂ ಮಚ್ಚೇಂದ್ರ ಎರಡು ಹೆಜ್ಜೆ ಹಿಂದೆ ಸರಿದ. "ಇವು ಬ್ಯಾಡ ಮಾರಾಯಾ! ಜಾಲಿದು ಕೊಡು, ಮಾವಿಂದು ಕೊಡು, ಏನರೆ ಕೊಡು. ಇವನ್ನ ಅವರ ಮ್ಯಾಲ ಹಾಕಬ್ಯಾಡ."

ಮುಜಾಫರ್ ಅವನನ್ನೇ ನೋಡಿದ. "ಯಾಕ್ರಿ? ತಗದಿಡು ಅಂತ ಹೇಳಿದವರೇ ಅವರು."

"ಯಾರು?"

"ಶಂಶುದ್ದೀನ್ ಸಾಬ್. ಲಾರಿ ಬಂದ ಸುದ್ದಿ ಕೇಳಿ ಒಂದು ವಾರಕ್ಕ ಆಟೋ ಮಾಡ್ಕೊಂಡು ಬಂದಿದ್ರು. ಕೈಗೆ ಪಟ್ಟಿ ಹಂಗೇ ಇತ್ತು. ಬೊಡ್ಡಿ ಬೊಡ್ಡಿ ಮ್ಯಾಲ ಕೈ ಆಡಿಸಿ ನೋಡಿದ್ರು. 'ಇದು ನನಗ ಇರ್ಲಿ' ಅಂದ್ರು." ಮುಜಾಫರ್ ದನಿ ತಗ್ಗಿಸಿದ. "'ಮಚ್ಚೇಂದ್ರಗ ಹೇಳಬ್ಯಾಡ. ದಿನಾ ಬಂದು ಗಿಡದ ಸುದ್ದಿ ಹೇಳ್ತಾನ, ಪಾಪ. ಅಂವಗ ಸಂಕಟ ಆಗ್ತದ. ಮನ್ಯಾಗೂ ಹೇಳಬ್ಯಾಡ' ಅಂದ್ರು."

ಮಚ್ಚೇಂದ್ರ ಮರದ ಹೊಟ್ಟಿನ ರಾಶಿಯ ಮೇಲೆ ಕೂತ. ಗಿಳಿಯ ಮಾತು ಕೇಳಿ ಆ ಮನುಷ್ಯ ನಕ್ಕದ್ದು ಯಾರಿಗಾಗಿ ಎಂದು ಈಗ ತಿಳಿಯಿತು. ಇಬ್ಬರೂ ಕೂಡಿ ಒಂದು ದಿನ ಮನಸ್ಸು ಬಿಚ್ಚಿ ಅತ್ತಿದ್ದರೆ ಸಾಕಾಗಿತ್ತು. ಗಿಡ ಹೋದ ದುಃಖವನ್ನು ಶಂಶುದ್ದೀನ್ ಒಬ್ಬನೇ ಅನುಭವಿಸಿ ಹೋದ. ಹಾಗೆ ಒಂಟಿ ಮಾಡಿದವನು ತಾನು. ಮಚ್ಚೇಂದ್ರ ದೊಡ್ಡ ದನಿ ತೆಗೆದು ಅತ್ತ. ಮುಜಾಫರ್ ಹಲಗೆಗಳನ್ನು ಟಂಟಂ ಗಾಡಿಗೆ ಹೇರತೊಡಗಿದ.

*

ಮನೆಯ ಬಾಗಿಲಲ್ಲಿ ಮುನ್ನಿ ಬೀ ಟೊಂಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು.

"ಅವರ ಗಿಡದ್ದೇ ಅಲ್ರಿ ಭಾಯ್?"

"ಹೌದ್ರಿ ಭಾಬಿ," ಎಂದ ಮಚ್ಚೇಂದ್ರ.

ಮಧ್ಯಾಹ್ನದ ಜೋಹರ್ ನಮಾಜಾದ ಮೇಲೆ ಜನಾಜಾ ಎದ್ದಿತು. ಹೆಂಗಸರು ಮನೆಯಲ್ಲೇ ಉಳಿದರು, ಟೊಂಗೆ ಮಚ್ಚೇಂದ್ರನ ಕೈಗೆ ಮರಳಿತು. ಕಬರಸ್ತಾನದಲ್ಲಿ ಹೆಣ ಇಳಿಸಿದ ಮೇಲೆ ಮಚ್ಚೇಂದ್ರ ಒಂದೊಂದೇ ತಖ್ತೆ ಎತ್ತಿಕೊಟ್ಟ. ಮುನ್ನಿ ಬೀಯ ತಮ್ಮ ಅಸದ್ ಗುಂಡಿಯಲ್ಲಿ ನಿಂತು ಹಾಸಿದ. ಬೇಸಿಗೆಯಲ್ಲಿ ಕೊಯ್ದ ಹಸಿ ಮರ ಒಣಗಿ ಸೊಟ್ಟಗಾಗಿತ್ತು. ಹಲಗೆ ಹಲಗೆಯ ನಡುವೆ ಬಿರುಕು, ಬಿರುಕಿನಲ್ಲಿ ಬಿಳಿಯ ಕಫನ್ ಬಟ್ಟೆ ಕಾಣುತ್ತಿತ್ತು.

"ಮ್ಯಾಲ ಹಾಸಾಕ ಚಾಪಿ ಎಲ್ಲಿ?" ಎಂದ ಅಸದ್. ಒಬ್ಬರ ಮುಖ ಒಬ್ಬರು ನೋಡಿದರು. ಚಾಪೆ ತರುವುದು ಗಡಿಬಿಡಿಯಲ್ಲಿ ಎಲ್ಲರಿಗೂ ಮರೆತಿತ್ತು.

ಹಿಂದೆ ನಿಂತಿದ್ದ ನಿರ್ದೇಶಕರು ಮುಂದೆ ಬಂದರು. ಅವರ ಕಾರಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಇತ್ತು. ಹಾಲ್‌ನಲ್ಲಿ ಕಟ್ಟಲು ಮಾಡಿಸಿದ್ದು, ತುಂಬ ಹಸಿರು ಕಾಡಿನ ಚಿತ್ರ. "ಇದು ಹಾಕ್ರಿ. ಮಣ್ಣೂ ಇಳಿಯಂಗಿಲ್ಲ, ನೀರೂ ಇಳಿಯಂಗಿಲ್ಲ," ಎಂದರು. ಅವರ ದನಿಯಲ್ಲಿ ಕಪಟವಿರಲಿಲ್ಲ.

"ಬ್ಯಾಡ್ರಿ. ಪ್ಲಾಸ್ಟಿಕ್ ಬ್ಯಾಡ್ರಿ ಅವರಿಗೆ," ಎಂದ ಮಚ್ಚೇಂದ್ರ. ಈ ಸಲ ಗಟ್ಟಿಯಾಗಿಯೇ ಹೇಳಿದ. "ನಾ ಪೇಟಿಗೆ ಹೋಗಿ ಚಾಪಿ ತರ್ತೀನಿ."

"ಮಯ್ಯತ್ ಇಳಿಸಿದ ಮ್ಯಾಲ ಕಾಯಿಸಬಾರದ್ರಿ ಸರ್," ಎಂದು ಅಸದ್ ಮೇಲಕ್ಕೆ ಕೈ ಚಾಚಿ ಫ್ಲೆಕ್ಸ್ ಇಸಿದುಕೊಂಡ.

ಹಾಸಿದ ಫ್ಲೆಕ್ಸು ಗುಂಡಿಗಿಂತ ದೊಡ್ಡದಾಗಿ ಒಂದು ಮಗ್ಗುಲು ಅಂಚಿನವರೆಗೂ ಎದ್ದಿತು. ಮಂದಿ ಸಾಲಾಗಿ ಬಂದು ಹಿಡಿ ಹಿಡಿ ಮಣ್ಣು ಕೊಟ್ಟರು. ಮಚ್ಚೇಂದ್ರನೂ ಕೊಟ್ಟ. ಪ್ಲಾಸ್ಟಿಕ್ಕಿನ ಮೇಲೆ ಮಣ್ಣು ಪಟಪಟ ಬಿತ್ತು. ಗುದ್ದಲಿಗಳು ಮಣ್ಣೆಳೆದು ಗುಂಡಿ ತುಂಬಿ, ಮಚ್ಚೇಂದ್ರ ಅದರ ಮೇಲೆ ಟೊಂಗೆ ಇಟ್ಟ ಮೇಲೂ ಅಂಚಿನಲ್ಲಿ ಕಾಡಿನ ಒಂದು ಮೂಲೆ ಅಚ್ಚ ಹಸಿರಾಗಿ ಹೊರಗೇ ಉಳಿದಿತ್ತು. ನಿರ್ದೇಶಕರು ಅದನ್ನು ನೋಡಿ ಬಗ್ಗಿದರು, ಮತ್ತೆ ಏನನ್ನಿಸಿತೋ, ನೆಟ್ಟಗೆ ನಿಂತು ಬೂಟಿನ ತುದಿಯಿಂದ ಅದರ ಮೇಲೆ ಮಣ್ಣು ಸರಿಸಿದರು.