ತಾಮ್ರದ ಅಳತೆ

ಆ ವಾರ ಪ್ರಭುಸ್ವಾಮಿಯ ಶೆಡ್ಡಿನಲ್ಲಿ ಹುಟ್ಟಿದ ಒಂಬತ್ತು ಕುರಿಮರಿಗಳಲ್ಲಿ ಮೂರು ಎದ್ದು ನಿಲ್ಲಲಿಲ್ಲ. ಮುಂಗಾಲು ಊರುತ್ತಿದ್ದವು, ಹಿಂಗಾಲು ಎಳೆಯುತ್ತಿದ್ದವು. ಎರಡು ದಿನ ಕಾದ ಅವನ ಹೆಂಡತಿ ಮಂಗಳಮ್ಮ ಮೂರನೆಯ ದಿನ ಬೆಳಿಗ್ಗೆ ಮಂಟಯ್ಯನಿಗೆ ಫೋನ್ ಮಾಡಿದಳು.

ಮಂಟಯ್ಯ ಪಶು ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಡಿ ಗ್ರೂಪ್ ನೌಕರನಾಗಿದ್ದು ನಿವೃತ್ತನಾದವನು. ಕಸ ಗುಡಿಸಿದ್ದ, ದನ ಹಿಡಿದು ನಿಲ್ಲಿಸಿದ್ದ, ಡಾಕ್ಟರು ಹೇಳಿದ್ದನ್ನೆಲ್ಲ ಕಿವಿಯಲ್ಲಿ ಇಟ್ಟುಕೊಂಡಿದ್ದ. ಬನ್ನಿಮಂಟಪದ ಮನೆಯಿಂದ ಸ್ಕೂಟರಿನಲ್ಲಿ ಹೊರಟು, ರಾಜೀವನಗರ ದಾಟಿ, ರಿಂಗ್ ರಸ್ತೆಯಾಚೆಯ ಶೆಡ್ಡಿಗೆ ಬಂದ. ಮರಿಯೊಂದನ್ನು ಎತ್ತಿ ನಿಲ್ಲಿಸಿ ಕೈ ಬಿಟ್ಟ. ಸೊಂಟ ಒಂದು ಪಕ್ಕಕ್ಕೆ ವಾಲಿ ಅದು ಕುಸಿಯಿತು. ಕಣ್ಣು ಚುರುಕಾಗಿತ್ತು. ಕೆಚ್ಚಲಿಗೆ ಹಿಡಿದರೆ ಹಾಲು ಕುಡಿಯುತ್ತಿತ್ತು. ತಾಯಿ ಕುರಿಗಳ ಕತ್ತಿನ ಕೆಂಚು ಕೂದಲು ಬಣ್ಣ ಕಳೆದುಕೊಂಡಿದ್ದನ್ನೂ ಅವನು ನೋಡಿದ.

"ಗಬ್ಬದ ಕುರಿಗೆ ಏನ್ ಹಾಕ್ತಿದ್ರಿ ಅಮ್ಮಾ?"

"ಮಾರ್ಕೆಟ್ಟಿನ ಕೋಸಿನ ಎಲೆ, ಬೇಕರಿ ಬ್ರೆಡ್ಡು. ಬೇರೇನಿಲ್ಲ."

ಅಷ್ಟರಲ್ಲಿ ಪ್ರಭುಸ್ವಾಮಿ ಬಂದ. ಮಂಟಯ್ಯನಿಗಿಂತ ಹತ್ತು ವರ್ಷ ಚಿಕ್ಕವನು. "ಏನೋ ಮಂಟಯ್ಯ, ಎದ್ದು ನಿಲ್ತವಾ?"

"ಈ ಮೂರು ನಿಲ್ಲೋದು ಕಷ್ಟ ಯಜಮಾನ್ರೇ. ತಾಯಿ ಹೊಟ್ಟೇಲಿದ್ದಾಗ್ಲೇ ತಾಮ್ರದ ಅಂಶ ಸಾಲ್ದೆ ಬೆನ್ನುಹುರಿ ಕೆಟ್ಟಂಗೆ ಕಾಣ್ತದೆ. ಈಗ ಏನ್ ಕೊಟ್ರೂ ಅದು ಸರಿ ಹೋಗಲ್ಲ. ಉಳಿದ ಮರಿಗಳನ್ನ ಉಳಿಸ್ಕೋಬೋದು. ಡಾಕ್ಟ್ರನ್ನ ಕರ್ಸಿ, ರಕ್ತ ಪರೀಕ್ಷೆ ಮಾಡ್ಸಿ."

ಪ್ರಭುಸ್ವಾಮಿ ನಕ್ಕ. "ಸಗಣಿ ಬಾಚ್ತಿದ್ದೋನು ಡಾಕ್ಟ್ರೇ ಆಗ್ಬುಟ್ಟ ನೋಡು."

ಮಂಗಳಮ್ಮ ತಲೆ ತಗ್ಗಿಸಿದಳು. ಮಂಟಯ್ಯ ಕೈ ತೊಳೆದುಕೊಂಡು ಹೊರಟ.

ಆದರೂ ಡಾಕ್ಟರನ್ನು ಕರೆಸಿದರು. ಬಂದ ಡಾಕ್ಟರಮ್ಮ ಹೊಸಬಳು, ಚಿಕ್ಕ ವಯಸ್ಸಿನವಳು. ರಕ್ತ ತೆಗೆದು ಕಳಿಸಿದಳು. ವರದಿಯಲ್ಲಿ ತಾಮ್ರ ತೀರಾ ಕಡಿಮೆ ಎಂದೇ ಬಂತು. ತೂಕ ನೋಡಿ ತಾಯಿಗಳಿಗೂ ಎಳೆ ಮರಿಗಳಿಗೂ ತಾಮ್ರದ ಔಷಧ ಕುಡಿಸಿದಳು. "ಇಷ್ಟೇ ಸಾಕು. ಕುರಿ ಮೈಯಿಂದ ತಾಮ್ರ ಬೇಗ ಹೊರಗೆ ಹೋಗಲ್ಲ, ಯಕೃತ್ತಿನಲ್ಲೇ ಕೂತ್ಕೊಳ್ಳುತ್ತೆ. ಮತ್ತೆ ಪರೀಕ್ಷೆ ಮಾಡದೆ ಏನೂ ಕೊಡ್ಬೇಡಿ" ಎಂದು ಎರಡು ಸಲ ಹೇಳಿದಳು. ಬಿದ್ದ ಮೂರು ಮರಿಗಳು ಸತ್ತವು. ಆಮೇಲೆ ನಡಿಗೆಯಲ್ಲಿ ಸ್ವಲ್ಪ ತೂರಾಡುತ್ತಿದ್ದ ಇನ್ನೆರಡು ಮರಿಗಳು ತಿಂಗಳೊಳಗೆ ಓಡಾಡತೊಡಗಿದವು.

ಅದನ್ನು ನೋಡಿ ಪ್ರಭುಸ್ವಾಮಿಗೆ ಆಸೆ ಹುಟ್ಟಿತು. ಒಂದು ಗುಟುಕಿಗೆ ಇಷ್ಟು ಚೇತರಿಸಿಕೊಂಡರೆ, ದಿನಾ ತಿಂದರೆ ಬಕ್ರೀದ್ ಹಬ್ಬದ ಹೊತ್ತಿಗೆ ಟಗರುಗಳು ಹೇಗಾದಾವು! ಮಂಡಿ ಮೊಹಲ್ಲಾದ ಅಂಗಡಿಯಿಂದ ಹಸುಗಳಿಗೆ ಹಾಕುವ, ತಾಮ್ರ ಬೆರೆತ ಖನಿಜ ಪುಡಿಯ ಮೂಟೆ ತಂದ. ಅದು ಸಾಲದೆಂದು ತಾಮ್ರದ ಉಪ್ಪಾದ ಮೈಲುತುತ್ತವನ್ನೂ ಕುಟ್ಟಿ ಬೂಸಾಕ್ಕೆ ಬೆರೆಸಿದ.

ಆ ದಾರಿಯಲ್ಲಿ ಹೋಗುತ್ತಿದ್ದ ಮಂಟಯ್ಯ ಮೂಟೆಯ ಮೇಲಿನ ಹಸುವಿನ ಚಿತ್ರ ನೋಡಿ ಸ್ಕೂಟರು ನಿಲ್ಲಿಸಿದ.

"ಯಜಮಾನ್ರೇ, ಇದು ಕುರಿಗೆ ವಿಷ ಕಣ್ರೀ. ಹಸು ತಡ್ಕೊಳ್ತದೆ, ಕುರಿ ತಡ್ಕೊಳ್ಳಲ್ಲ. ಡಾಕ್ಟರಮ್ಮ ಬೇಡ ಅಂದಿಲ್ವಾ?"

"ತಾಮ್ರ ಸಾಲ್ದು ಅಂದೋನು ನೀನೇ ತಾನೇ?"

"ಸಾಲ್ದು ಅಂದೆ. ಸುರೀರಿ ಅನ್ನಲಿಲ್ಲ."

"ನನ್ನ ಕುರಿ, ನನ್ನ ಮೇವು. ನಿನ್ನ ಕೆಲ್ಸ ನೋಡ್ಕೋ ಹೋಗು."

ಬಾಗಿಲಲ್ಲಿ ನಿಂತಿದ್ದ ಮಂಗಳಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

ಎರಡು ತಿಂಗಳು ಕುರಿಗಳು ಮಿರಿಮಿರಿ ಮಿಂಚಿದವು. ಬಕ್ರೀದಿಗೆ ಐದು ದಿನ ಇರುವಾಗ ಹನ್ನೆರಡು ಟಗರುಗಳನ್ನು ಅಟ್ಟಾಡಿಸಿ ಹಿಡಿದು ಲಾರಿಗೆ ತುಂಬಿದರು. ಮರುದಿನ ಬೆಳಿಗ್ಗೆ ನಾಲ್ಕು ಬಿದ್ದವು. ಕಣ್ಣು ಅರಿಸಿನದ ಬಣ್ಣ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣ. ಕೊಂಡವರು ಲಾರಿ ವಾಪಸು ಕಳಿಸಿದರು. ಅಷ್ಟರಲ್ಲಿ ಶೆಡ್ಡಿನ ಕುರಿಗಳೂ ಬೀಳತೊಡಗಿದ್ದವು.

ಡಾಕ್ಟರಮ್ಮ ಸತ್ತ ಟಗರೊಂದನ್ನು ಕೊಯ್ದು ನೋಡಿದಳು. ಮೂತ್ರಪಿಂಡ ಕಪ್ಪಾಗಿತ್ತು. ನೋಡಲು ಬಂದ ಅಕ್ಕಪಕ್ಕದವರ ನಡುವೆ ಮಂಟಯ್ಯನೂ ನಿಂತಿದ್ದ.

"ಇವಕ್ಕೆ ತಾಮ್ರ ಹಾಕೋಕೆ ಯಾರು ಹೇಳಿದ್ದು?" ಅವಳ ದನಿ ಗಡುಸಾಗಿತ್ತು.

ಪ್ರಭುಸ್ವಾಮಿ ಕೈ ಚಾಚಿ ತೋರಿಸಿದ. "ಈ ಮಂಟಯ್ಯನೇ ಮೇಡಂ. ಆಸ್ಪತ್ರೇಲಿದ್ದೋನಲ್ವಾ, ಗೊತ್ತಿರ್ತದೆ ಅಂತ ನಂಬ್ದೆ."

ಮಂಟಯ್ಯ ಮಂಗಳಮ್ಮನ ಮುಖ ನೋಡಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಸುಳ್ಳು ಮೇಡಂ. ಬೇಡ ಅಂದೋನು ನಾನು" ಎಂದ ಮಂಟಯ್ಯ.

"ನಿವೃತ್ತರಾದ ಮೇಲೆ ಈ ಥರ ವೈದ್ಯ ಮಾಡ್ಬಾರ್ದು ಮಂಟಯ್ಯ" ಎಂದಳು ಡಾಕ್ಟರಮ್ಮ. ಸಿಟ್ಟಿನಿಂದಲ್ಲ, ಬುದ್ಧಿ ಹೇಳುವವಳ ಹಾಗೆ. ಸುತ್ತ ನಿಂತವರು ತಲೆಯಾಡಿಸಿದರು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನ ಮಧ್ಯಾಹ್ನ ಮಂಗಳಮ್ಮ ಮಂಟಯ್ಯನ ಮನೆಯ ಬಾಗಿಲಿಗೆ ಬಂದಳು. ಅವನ ಹೆಂಡತಿ ಮಂಚಮ್ಮ ಒಳಗೆ ಬನ್ನಿ ಎನ್ನಲಿಲ್ಲ. ಮಂಗಳಮ್ಮನಿಗೂ ಒಳಗೆ ಬರುವ ಮನಸ್ಸಿದ್ದಂತಿರಲಿಲ್ಲ.

"ಮಂಟಯ್ಯೋರೇ, ಇನ್ನೂ ಇಪ್ಪತ್ತು ಕುರಿ ಬದುಕವೆ. ಅವ್ರಿಲ್ಲದ ಹೊತ್ನಲ್ಲಿ ಹಿಂದುಗಡೆ ಗೇಟಿಂದ ಬಂದು ನೋಡ್ಬುಡಿ."

"ನಾನು ಬೇಡ ಅಂದಿದ್ದು ನಿಮ್ಮ ಕಿವೀಗೆ ಬಿದ್ದಿತ್ತಾ?"

"ಬಿದ್ದಿತ್ತು."

"ಡಾಕ್ಟರಮ್ಮನ ಮುಂದೆ ಅದನ್ನ ಹೇಳ್ತೀರಾ?"

ಅವಳು ರಸ್ತೆಯ ಕಡೆ ನೋಡಿದಳು. "ಮನೇಲಿ ಬಾಳ್ಬೇಕಲ್ಲ" ಎಂದಳು.

ಮಂಟಯ್ಯ ಒಳಗೆ ಹೋಗಲು ತಿರುಗಿದವನು ಮತ್ತೆ ಹೊಸ್ತಿಲಿಗೆ ಬಂದ. ಆಮೇಲೆ ಹೇಳಿದ: "ಆ ಪುಡಿ ಒಂದು ಚಿಟಿಕೇನೂ ಹಾಕ್ಬೇಡಿ. ಕುರಿಗಳನ್ನ ಓಡಿಸ್ಬೇಡಿ, ಗಾಡಿಗೆ ಹತ್ತಿಸ್ಬೇಡಿ, ಗಾಬರಿ ಬಿದ್ರೆ ಬೀಳ್ತವೆ. ನಿನ್ನೆ ಡಾಕ್ಟರಮ್ಮ ಬರೆದುಕೊಟ್ಟ ಔಷಧ ಒಂದಿನಾನೂ ತಪ್ಪಿಸ್ಬೇಡಿ. ನಾನು ಬರಲ್ಲ."

ಅವಳು ಹೋದಮೇಲೆ ಮಂಚಮ್ಮ ಸಿಡಿದಳು. "ಅಷ್ಟಾದ್ರೂ ಯಾಕ್ ಹೇಳ್ದೆ? ಸಾಯ್ಲಿ ಅಂತ ಬುಟ್ಬುಡಬೇಕಿತ್ತು."

"ಸಾಯೋದು ಅವನಲ್ವಲ್ಲ" ಎಂದ ಮಂಟಯ್ಯ.

ಹದಿನೇಳು ಕುರಿ ಉಳಿದವು. ತಾನೇ ಹಗಲೂ ರಾತ್ರಿ ಆರೈಕೆ ಮಾಡಿ ಉಳಿಸಿಕೊಂಡೆ ಎಂದು ಪ್ರಭುಸ್ವಾಮಿ ಬಂದವರಿಗೆಲ್ಲ ಹೇಳಿದ. ಮೊದಲು ವಾರಕ್ಕೆ ಮೂರು ನಾಲ್ಕು ಮನೆಯವರು ಹಸು, ಮೇಕೆ ನೋಡಲು ಮಂಟಯ್ಯನನ್ನು ಕರೆಯುತ್ತಿದ್ದರು. ಆ ತಿಂಗಳು ಯಾರೂ ಕರೆಯಲಿಲ್ಲ. ಮುಂದಿನ ತಿಂಗಳೂ ಕರೆಯಲಿಲ್ಲ.