ಬಲಗಿವಿ

ಬಲಗಡೆಯಿಂದ ಅಂದಿದ್ದನೋ, ಎಡಗಡೆಯಿಂದ ಅಂದಿದ್ದನೋ, ಮೊದಲ ಸಲ ಏನು ಹೇಳಿದ್ದ ಎಂಬುದೇ ನೆನಪಾಗುತ್ತಿಲ್ಲ, ಇಪ್ಪತ್ತೆರಡು ವರ್ಷ ಚರ್ಚಿನ ಸಭೆಯಲ್ಲಿ ಎದ್ದು ನಿಂತು ಅದೇ ಸಾಕ್ಷಿ ಹೇಳಿದವನಿಗೆ ಗಿರಣಿಯ ಬೆಲ್ಟು ಕಳಚಿ ಬಿದ್ದ ಸದ್ದು ಗೊತ್ತು, ಕರ್ತನ ಧ್ವನಿ ಯಾವ ಕಡೆಯಿಂದ ಬಂತು ಅನ್ನುವುದು ಮಾತ್ರ ಗೊತ್ತಿಲ್ಲ, ಅದನ್ನೇ ಕೇಳಿ ಅಕ್ಕ ಕಾಯುತ್ತಿದ್ದಾಳೆ, ಬೇಗ ಹೇಳೋ ಗುಮ್ಮ, ಸಾಯೋಳನ್ನ ಕಾಯಿಸ್ತೀಯಲ್ಲ, ಬಲಗಡೆಯಿಂದ ಅಕ್ಕಾ, ಅಂದುಬಿಟ್ಟ, ಅಂದದ್ದೇ ತಡ ಅವಳು ದಿಂಬಿನ ಮೇಲೆ ತಲೆ ಹೊರಳಿಸಿ, ಎಡಗೆನ್ನೆ ಕೆಳಗೆ ಹಾಕಿ, ಬಲಗಿವಿಯ ಮೇಲೆ ಬಿದ್ದಿದ್ದ ನಾಲ್ಕು ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿಕೊಂಡಳು. ಕಿವಿ ಬಯಲಾಯಿತು. ಸಣ್ಣ ಕಿವಿ, ಓಲೆ ತೆಗೆದಿಟ್ಟ ಮೇಲೆ ಉದ್ದಕ್ಕೆ ಜೋತ ತೂತು, ಒಳಗೆ ಕತ್ತಲೆ. ಪಾಸ್ಟರು ಈಗಷ್ಟೇ ಹೋಗಿದ್ದಾರೆ, ಅವಳಿಗೆ ನುಂಗಲಾಗದೆಂದು ಕರ್ತನ ಭೋಜನದ ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ ನಾಲಿಗೆಯ ಮೇಲಿಟ್ಟರು, ಆ ರೊಟ್ಟಿಯ ಹಿಟ್ಟೂ ಅವನ ಗಿರಣಿಯದೇ, ಬಾಗಿಲಲ್ಲಿ ನಿಂತು, ಧೈರ್ಯವಾಗಿರಿ ಅಮ್ಮಾ, ನಿಮ್ಮ ತಮ್ಮನನ್ನು ಹೆಸರು ಹಿಡಿದು ಕರೆದವನು ನಿಮ್ಮನ್ನ ಬಿಟ್ಟುಬಿಡ್ತಾನಾ, ಅಂದರು, ಅವರು ಮೆಟ್ಟಿಲಿಳಿದ ಮೇಲೆ ಅಕ್ಕ ಮೆಲ್ಲಗೆ ಶುರುಮಾಡಿದ್ದಳು, ಒಂದು ಕೇಳ್ತೀನಿ, ಬೈಬೇಡ, ಮೂರು ತಿಂಗಳಿಂದ ಕಿವಿ ಕೊಟ್ಟುಕೊಂಡೇ ಮಲಗಿದೀನಿ ಕಣೋ, ಫ್ಯಾನಿನ ಸದ್ದು ಕೇಳುತ್ತೆ, ಪಕ್ಕದ ಮನೆಯವಳು ಗಂಡನಿಗೆ ಮಂಗಳಾರತಿ ಎತ್ತೋದು ಒಂದಕ್ಷರ ಬಿಡದೆ ಕೇಳುತ್ತೆ, ಕರ್ತ ಮಾತ್ರ ಕರೀತಿಲ್ಲ, ನಿನ್ನನ್ನ ಕರೆದ, ನನ್ನನ್ನ ಯಾಕೆ ಕರೀತಿಲ್ಲ, ನನ್ನಲ್ಲೇ ಏನೋ ದೋಷ ಇದೆ, ಅಲ್ವಾ?

ಇಲ್ಲ ಅಕ್ಕ, ದೋಷ ನಿನ್ನದಲ್ಲ — ಇಷ್ಟೇ ಹೇಳಿದ, ಅವಳ ಹೊದಿಕೆ ಸರಿಮಾಡಿದ, ಆ ದಿನ ಅವನಿಗೆ ಇಪ್ಪತ್ಮೂರು, ಒಬ್ಬನೇ ಗಿರಣಿಯಲ್ಲಿ, ಬೆಲ್ಟು ಪಟ್ಟನೆ ಕಳಚಿ ನೆಲಕ್ಕೆ ಬಿತ್ತು, ಕಲ್ಲು ನಿಂತಿತು, ಸ್ವಿಚ್ಚಿಗೆ ಕೈಹಾಕಿ ಮೋಟಾರನ್ನೂ ನಿಲ್ಲಿಸಿದ, ದೊಡ್ಡ ಚಕ್ರ ತನ್ನಷ್ಟಕ್ಕೆ ತಿರುಗುತ್ತಾ ತಿರುಗುತ್ತಾ ನಿಧಾನವಾಗಿ ನಿಂತಿತು, ಕಿಟಕಿಯ ಬಿಸಿಲಲ್ಲಿ ಹಿಟ್ಟಿನ ಧೂಳು ಕೆಳಗೂ ಇಳಿಯದೆ ಮೇಲೂ ಏರದೆ ನಿಂತುಬಿಟ್ಟಿತು, ಅಂಥ ನಿಶ್ಶಬ್ದ ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ, ಈಗ ಯಾರಾದರೂ ಮಾತಾಡಬೇಕು, ಈಗ ಮಾತಾಡದಿದ್ದರೆ ಇನ್ಯಾವಾಗ ಎಂದು ಕಾದ, ಕೈ ಮುಗಿದು ಕಾದ, ಯಾರೂ ಮಾತಾಡಲಿಲ್ಲ, ಅಷ್ಟೇ ನಡೆದದ್ದು. ಅಷ್ಟನ್ನೇ ಹೇಳಬೇಕೆಂದು ಆ ಭಾನುವಾರ ಎದ್ದು ನಿಂತಿದ್ದ, ಕರ್ತನೇ ನಿನ್ನ ಮಾತಿಗೆ ನನಗೆ ಹಸಿವಾಗಿದೆ ಎನ್ನಬೇಕೆಂದು, ಭಾವ ಸತ್ತ ಮೇಲೆ ದೇವರ ಹೆಸರೆತ್ತಿದರೆ ಉರಿದುಬೀಳುತ್ತಿದ್ದ ಅಕ್ಕ ತಮ್ಮನ ಕಾಟ ತಾಳಲಾರದೆ ಬಂದು ಕಡೆಯ ಬೆಂಚಿನಲ್ಲಿ, ಕೈಚೀಲವನ್ನು ತೊಡೆಯಿಂದ ಇಳಿಸದೆ ಕೂತಿದ್ದಳು, ಚಕ್ರ ನಿಂತಿತು, ಧೂಳು ನಿಂತಿತು, ಆಗ — ಎಂದ, ಆ ‘ಆಗ’ ಎಂಬ ಒಂದು ಮಾತಿಗೆ ಮುಂದಿನ ಸಾಲಿನವರೆಲ್ಲ ಉಸಿರು ಬಿಗಿಹಿಡಿದು ಬಾಗಿದರು, ಯಾರೋ ಸ್ತೋತ್ರ ಎಂದರು, ಅಷ್ಟು ಜನರ ಮುಖ ನೋಡಿ ‘ಏನೂ ಆಗಲಿಲ್ಲ’ ಎನ್ನಲು ನಾಲಿಗೆ ಹೊರಳಲಿಲ್ಲ, ಆಗ ಕರ್ತ ನನ್ನನ್ನ ಗುಮ್ಮ ಅಂತ ಕರೆದ, ಎಂದ. ಬಾಯಿಗೆ ಬಂದದ್ದು ಆ ಹೆಸರು. ಮಾತಾಡದ ಮುಸುಡಿ ಅಂತ ಚಿಕ್ಕಂದಿನಲ್ಲಿ ಅಕ್ಕ ಇಟ್ಟದ್ದು, ಅವಳ ಹೊರತು ಯಾರೂ ಕರೆಯದ್ದು, ಸಭೆ ಮೆಲ್ಲಗೆ ನಕ್ಕು ಆಮೇಲೆ ಅತ್ತಿತು, ಹಿಂದಿನ ಬೆಂಚಿನಲ್ಲಿ ಕೈಚೀಲ ನೆಲಕ್ಕೆ ಬಿತ್ತು, ಅಕ್ಕ ಎದ್ದು ನಿಂತಿದ್ದಳು.

ಆಮೇಲಿನದ್ದೆಲ್ಲ ತಾನೇ ಬೆಳೆಯಿತು, ನಾಲ್ಕನೇ ವರ್ಷ ಪಾಸ್ಟರು ಪ್ರಸಂಗ ಮಾಡುವಾಗ ಆ ಸಾಕ್ಷಿಗೆ ಒಂದು ಬೆಳಕನ್ನು ಸೇರಿಸಿದರು, ಅದೂ ಇರಲಿ ಎಂದು ಇವನೂ ಇಟ್ಟುಕೊಂಡ, ಸಭೆಗೆ ಎಲ್ಲರಿಗಿಂತ ಮೊದಲು ಹೋಗಿ ಬೆಂಚು ಒರೆಸಿದ, ಗಂಟೆ ಹೊಡೆದ, ಉಪವಾಸ ಮಾಡಿದ, ದಿನಾ ಮಧ್ಯಾಹ್ನ ಬೇಕೆಂದೇ ಗಿರಣಿ ನಿಲ್ಲಿಸಿ ಅದೇ ಮೂಲೆಯಲ್ಲಿ ಕೂತ, ಈಗಲಾದರೂ ಕರೆದುಬಿಡು ಕರ್ತನೇ, ಒಂದು ಸಲ ಸಾಕು, ಸುಳ್ಳನ್ನು ಹಿಂದಿನಿಂದ ನಿಜ ಮಾಡಿಬಿಡು, ಹಿಟ್ಟು ಬೀಸಿಸಲು ಬಂದ ಹೆಂಗಸರು, ಅಯ್ಯೋ ಪ್ರಾರ್ಥನೇಲಿದ್ದಾರೆ ಕಣ್ರೇ, ಎಂದು ಡಬ್ಬಿ ಸದ್ದಾಗದಂತೆ ಇಳಿಸಿ ಹೊರಗೆ ನಿಲ್ಲುತ್ತಿದ್ದರು, ಒಳಗೆ ಅವನು, ಧೂಳು, ನಿಂತ ಚಕ್ರ. ಈಗ ಹೇಳಿದರೆ ಅವಳ ದೋಷ ತೊಲಗುತ್ತದೆ, ನನಗೂ ಏನೂ ಕೇಳಿಸಲಿಲ್ಲ ಅಕ್ಕ ಎಂದರೆ ಸಾಕು, ಆದರೆ ದೋಷದ ಜೊತೆಗೆ ಅವಳ ಕರ್ತನೂ ಹೋಗುತ್ತಾನೆ, ಇಪ್ಪತ್ತೆರಡು ವರ್ಷ ಅವಳು ಊರಿಕೊಂಡು ನಡೆದ ಕೋಲು, ಕೊನೆಯ ಮೆಟ್ಟಿಲಲ್ಲಿ ಕಸಿಯುವುದೆಂದರೆ — ಗುಮ್ಮ, ಇದ್ದೀಯಾ, ಇದ್ದೀನಿ ಅಕ್ಕ, ನನ್ನನ್ನ ಅಮ್ಮ ಸೂಜಿ ಅಂತಿದ್ಲಲ್ಲ, ನಾಲಿಗೆ ಚೂಪು ಅಂತ, ಆಗ ಸಿಟ್ಟು ಬರೋದು, ಈಗ ಅವನು ಸೂಜಿ ಅಂತ ಕರೆದ್ರೂ ಪರವಾಗಿಲ್ಲ, ಓ ಅಂತೀನಿ, ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ಕಳೆದು ಕಣ್ಣು ಮುಚ್ಚಿದಳು, ಕಿವಿ ಮಾತ್ರ ಮೇಲೆ, ಬಯಲಾಗಿ. ಕುರ್ಚಿ ಸದ್ದಾಗದಂತೆ ಎದ್ದು ಅವಳ ಬಲಕ್ಕೆ ಬಂದು ಬಾಗಿದ, ಸೂಜಿ, ಎರಡೇ ಅಕ್ಷರ, ಉಸಿರಿನಲ್ಲಿ ಹೇಳಿದರೂ ಸಾಕು, ಈ ಲೋಕದಲ್ಲಿ ಆ ಹೆಸರು ಗೊತ್ತಿರುವವನು ಇನ್ನು ಅವನೊಬ್ಬನೇ, ಬಾಯಿ ತೆರೆದ, ಅವಳು ಓ ಎಂದರೆ ಏನು ಮಾಡಲಿ, ಯಾರಿಗೆ ಓ ಎಂದಳೆಂದು ತಾನೊಬ್ಬನೇ ತಿಳಿದು ಬದುಕುವುದು ಹೇಗೆ, ನಿಂತ, ಫ್ಯಾನು, ಪಕ್ಕದ ಮನೆಯಲ್ಲಿ ಪಾತ್ರೆ, ಫ್ಯಾನು, ನೀನಾದರೂ ಕರೆ ಕರ್ತನೇ, ನನ್ನನ್ನಲ್ಲ, ಇವಳನ್ನು, ಫ್ಯಾನು, ಹಿಂದಕ್ಕೆ ಸರಿಸಿದ ನಾಲ್ಕು ಕೂದಲು, ಜೋತ ತೂತು, ಬಲಗಿವಿ, ತೆರೆದ ಬಲಗಿವಿ.

ಅವಳು ಅದೇ ಮಗ್ಗುಲಲ್ಲಿ ಮೂರು ದಿನ ಇದ್ದು ತೀರಿಕೊಂಡಳು. ಅವನು ಸೂಜಿ ಎಂದು ಕರೆಯಲಿಲ್ಲ, ಬೆಲ್ಟು ಬಿದ್ದ ದಿನ ಗಿರಣಿಯಲ್ಲಿ ತನ್ನನ್ನು ಯಾರೂ ಕರೆಯಲಿಲ್ಲ ಎಂದು ಹೇಳಲೂ ಇಲ್ಲ.